ಕುಣಿದವಳೇ ಕಾಸು ಕೊಡಬೇಕು

ಬೆಂಗಳೂರಿನಲ್ಲಿ ಭರತನಾಟ್ಯ ಕಾರ್ಯಕ್ರಮವನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡುವವರು ಇಬ್ಬರೇ. ಒಬ್ಬ ಮೈಕ್ ಸೆಟ್ಟಿನವನು, ಇನ್ನೊಬ್ಬ ಸಭಾಂಗಣದ ವಾಚ್‌ಮನ್. ಇಬ್ಬರಿಗೂ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲ. ಉಳಿದ ನಾವೆಲ್ಲ ಒಂದೋ ಕುಣಿಯುವವರು, ಇಲ್ಲವೇ ಕುಣಿಸುವವರು, ಎರಡೂ ಅಲ್ಲದಿದ್ದರೆ ಕುಣಿಯುವವರ ಚಿಕ್ಕಪ್ಪ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಪಕ್ಕದ ಕನ್ನಡ ಭವನದ ನಯನ, ಅದೇ ರಸ್ತೆಯ ಎ.ಡಿ.ಎ. ರಂಗಮಂದಿರ, ನೃಪತುಂಗ ರಸ್ತೆಯ ಯವನಿಕಾ, ಮಲ್ಲೇಶ್ವರದ ಸೇವಾಸದನ, ಜಯನಗರದ ಜೆ.ಎಸ್.ಎಸ್. ಸಭಾಂಗಣ... ಯಾವ ಶನಿವಾರ ಭಾನುವಾರ ಬೇಕಾದರೂ ಹೋಗಿ ನೋಡಿ, ಎಲ್ಲೋ ಒಂದು ಕಡೆ ಪುಷ್ಪಾಂಜಲಿ ಶುರುವಾಗಿರುತ್ತದೆ, ಇಲ್ಲವೇ ಮುಖ್ಯ ಅತಿಥಿಗಳಿಗಾಗಿ ಕಾಯುತ್ತಿರುತ್ತದೆ.

ಒಮ್ಮೆ ಕಾರ್ಯಕ್ರಮ ಮುಗಿದ ಮೇಲೆ ಮೈಕಿನವನನ್ನು ಕೇಳಿದೆ, ಹೇಗಿತ್ತಪ್ಪಾ ಇವತ್ತಿಂದು ಎಂದು. ವೈರು ಸುತ್ತುತ್ತಲೇ ಹೇಳಿದ: “ವರ್ಣದ ತನಕ ಅರಮಂಡಿ ಚೆನ್ನಾಗಿ ಕೂತಿತ್ತು ಸಾರ್. ಆಮೇಲೆ ನಿಂತ್ಕೊಂಡೇ ಮುಗಿಸ್ಬಿಟ್ರು. ಮೃದಂಗದವರೂ ಸ್ವಲ್ಪ ಓಡಿಸಿದ್ರು, ಏಳೂವರೆಗೆ ಅವರಿಗೆ ಮಲ್ಲೇಶ್ವರದಲ್ಲಿ ಇನ್ನೊಂದಿತ್ತು.” ಈ ಊರಿನಲ್ಲಿ ಇತ್ತೀಚೆಗೆ ನಾನು ಕೇಳಿದ ಅತ್ಯುತ್ತಮ ನೃತ್ಯವಿಮರ್ಶೆ ಅದು. ಅದೇ ಕಾರ್ಯಕ್ರಮದ ಬಗ್ಗೆ ಮಾರನೆಯ ವಾರ ಪತ್ರಿಕೆಯಲ್ಲಿ ಬಂದದ್ದು, “ಕಲಾವಿದೆಯ ಮನಮೋಹಕ ಅಭಿನಯ ನೆರೆದಿದ್ದ ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿತು” ಎಂದು. ನೆರೆದಿದ್ದವರು ಹಾಗೆ ಮುಗ್ಧರಾಗಿ ಕೊನೆಯ ತಿಲ್ಲಾನಕ್ಕೆ ಮುಂಚೆಯೇ ಊಟದ ಹಾಲಿಗೆ ಹೋಗಿದ್ದರು ಎನ್ನುವುದನ್ನು ಬರೆಯಲು ಜಾಗ ಸಾಲಲಿಲ್ಲವೇನೋ. ಅಷ್ಟಕ್ಕೂ ಆ ವರದಿಯನ್ನು ಪತ್ರಿಕೆಗೆ ಬರೆದು ಕಳಿಸಿದವರು ಕಲಾವಿದೆಯ ಮಾವ.

ಲೋಕದ ಉಳಿದೆಲ್ಲ ಕಸುಬುಗಳಲ್ಲಿ ಕೆಲಸ ಮಾಡಿದವರಿಗೆ ಕೂಲಿ ಸಿಗುತ್ತದೆ. ನಮ್ಮ ನೃತ್ಯಲೋಕದಲ್ಲಿ ಕೆಲಸ ಮಾಡಿದವಳೇ ಎಲ್ಲರಿಗೂ ಕೂಲಿ ಕೊಡುತ್ತಾಳೆ. ಸಭಾಂಗಣಕ್ಕೆ ಬಾಡಿಗೆ, ಅದರ ಮೇಲೆ ಜಿಎಸ್‌ಟಿ, ಲೈಟಿನವರಿಗೆ, ಮೇಳದವರಿಗೆ, ಮೇಕಪ್ಪಿನವರಿಗೆ, ವಿಡಿಯೊದವರಿಗೆ, ಹೂವಿನವರಿಗೆ, ಕೊನೆಗೆ ಬಂದವರಿಗೆಲ್ಲ ಬಿಸಿಬೇಳೆಬಾತು, ಜಾಮೂನು. ಇದರಲ್ಲಿ ದುಡ್ಡು ಸಿಗದೇ ಹೋಗುವ ಒಬ್ಬಳೇ ಒಬ್ಬಳು ವೇದಿಕೆಯ ಮಧ್ಯದಲ್ಲಿ ಬೆವರುತ್ತಿರುತ್ತಾಳೆ. ಪ್ರೇಕ್ಷಕ ಕೊಡಬೇಕಾದದ್ದು ಹಾಜರಿ ಮಾತ್ರ. ಅದನ್ನೂ ಅವನು ಅರ್ಧವೇ ಕೊಡುತ್ತಾನೆ.

ಭಾನುವಾರದ ‘ರಾಷ್ಟ್ರೀಯ ನೃತ್ಯೋತ್ಸವ’ವನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಯಾಕೆಂದರೆ ಗಡಿಯಾಚೆಯ ಹೊಸೂರಿನಿಂದ ಒಂದು ತಂಡ ಬಂದಿದೆ. ಅಂತಾರಾಷ್ಟ್ರೀಯ ಆಗಬೇಕಾದರೆ ಯಾರದಾದರೂ ಅತ್ತಿಗೆ ರಜೆಗೆಂದು ಡಲ್ಲಾಸ್‌ನಿಂದ ಬಂದಿರಬೇಕು, ಅಷ್ಟೇ. ಮಗುವೊಂದಕ್ಕೆ ಇಷ್ಟೆಂದು ನೋಂದಣಿ ಶುಲ್ಕ, ತಂಡಕ್ಕೆ ಏಳು ನಿಮಿಷ, ಕೊನೆಯಲ್ಲಿ ಎಲ್ಲರಿಗೂ ಪ್ರಮಾಣಪತ್ರ ಮತ್ತು ಮರದಂತೆ ಕಾಣುವ ಪ್ಲಾಸ್ಟಿಕ್ಕಿನ ಸ್ಮರಣಿಕೆ. ಹೀಗೆ ಕುಣಿಯುವವರ ಶುಲ್ಕದಿಂದಲೇ ನಡೆಯುವ ಉತ್ಸವಕ್ಕೆ ಆಹ್ವಾನ ಪತ್ರಿಕೆಯಲ್ಲಿ “ಪ್ರಾಯೋಜಕರು” ಎಂದು ಬೇರೆ ಯಾರದೋ ಫೋಟೊ ಇರುತ್ತದೆ.

ಬೆಳಗ್ಗೆ ಹನ್ನೊಂದಕ್ಕೆ ಮೇಕಪ್ ಮುಗಿದ ಮಗು ಸಂಜೆ ಆರಕ್ಕೆ ವೇದಿಕೆ ಹತ್ತುತ್ತದೆ. ಈ ನಡುವೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಗ್ರೀನ್ ರೂಮಿನ ಬಾಗಿಲಲ್ಲಿ ನಿಲ್ಲಬೇಕು. ಏಳು ವರ್ಷದ ಹುಡುಗಿ. ತಲೆಯ ಮೇಲೆ ಸೂರ್ಯ ಚಂದ್ರ, ಹಣೆಗೆ ಬೈತಲೆ ಬೊಟ್ಟು, ಬೆನ್ನ ಮೇಲೆ ಸೊಂಟದಿಂದ ಕೆಳಗಿಳಿದ ಚೌರಿ, ತುದಿಗೆ ಕುಚ್ಚು. ಅಮ್ಮ ಲಿಪ್‌ಸ್ಟಿಕ್ ಕೆಡದ ಹಾಗೆ ಚಮಚದ ತುದಿಯಲ್ಲಿ ಮೊಸರನ್ನ ತೆಗೆದು ನೇರವಾಗಿ ನಾಲಿಗೆಯ ಮೇಲೆ ಇಡುತ್ತಾಳೆ. ನೀರು ಸ್ಟ್ರಾದಲ್ಲಿ, ಅದೂ ಎರಡೇ ಗುಟುಕು. ಯಾಕೆಂದರೆ ಡಾಬಿನ ಕೆಳಗೆ ಸಾಲು ಸಾಲು ಸೇಫ್ಟಿ ಪಿನ್ನುಗಳಿವೆ, ಒಮ್ಮೆ ಬಿಚ್ಚಿದರೆ ಮತ್ತೆ ಕಟ್ಟುವ ಹೊತ್ತಿಗೆ ನಂಬರು ಹೋಗಿರುತ್ತದೆ. “ಅಮ್ಮಾ, ಸುಸ್ಸು” ಎಂದರೆ, “ಸ್ವಲ್ಪ ತಡ್ಕೊ ಪುಟ್ಟಾ, ಇನ್ನು ಮೂರೇ ನಂಬರು.” ಆ ಮೂರು ನಂಬರಿನ ಮಧ್ಯೆ ಮುಖ್ಯ ಅತಿಥಿಗಳು ಬಂದುಬಿಡುತ್ತಾರೆ.

ಅವರು ಬಂದರೆಂದರೆ ನೃತ್ಯ ನಿಲ್ಲುತ್ತದೆ. ದೀಪ ಬೆಳಗಬೇಕು. ಆರು ಮಂದಿ ಗಣ್ಯರು, ಐದು ಬತ್ತಿ, ಒಂದು ಮೇಣದಬತ್ತಿ, ತಲೆಯ ಮೇಲೆ ಫ್ಯಾನು. ಹೊತ್ತಿದ್ದು ಆರುತ್ತದೆ, ಆರಿದ್ದು ಹೊತ್ತುತ್ತದೆ, ಫೋಟೊದವನು “ಸಾರ್, ಇನ್ನೊಂದ್ಸಲ” ಎನ್ನುತ್ತಾನೆ. ಆಮೇಲೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಸನ್ಮಾನಿತರು ಶಾಲು ಹೊದ್ದು ಕೂತಿರುವುದನ್ನು ನೋಡಿದರೆ ಯಾರಿಗೆ ಯಾರ ಮೇಲೆ ಸಿಟ್ಟಿದೆಯೋ ಗೊತ್ತಾಗುವುದಿಲ್ಲ. ನಂತರ ಭಾಷಣ. “ನನಗೆ ಭರತನಾಟ್ಯದ ಬಗ್ಗೆ ಏನೂ ಗೊತ್ತಿಲ್ಲ” ಎಂದು ಅವರು ಮೊದಲನೆಯ ವಾಕ್ಯದಲ್ಲೇ ಪ್ರಾಮಾಣಿಕವಾಗಿ ಹೇಳುತ್ತಾರೆ. ಅಲ್ಲಿಗೆ ನಿಲ್ಲಿಸಿದ್ದರೆ ಅವರಷ್ಟು ಒಳ್ಳೆಯ ಅತಿಥಿ ಬೇರೆ ಇರಲಿಲ್ಲ. ಮುಂದಿನ ಮುಕ್ಕಾಲು ಗಂಟೆ ಅವರು ಆ ಮಾತನ್ನು ಸಾಬೀತು ಮಾಡುತ್ತಾರೆ. ಪಾಶ್ಚಾತ್ಯ ಸಂಸ್ಕೃತಿ, ಮೊಬೈಲಿನ ಹಾವಳಿ, ನಮ್ಮ ಹೆಣ್ಣುಮಕ್ಕಳು ಜಡೆ ಹಾಕುವುದನ್ನು ಬಿಟ್ಟದ್ದು, ಎಲ್ಲ ಬರುತ್ತದೆ. ನೃತ್ಯ ನೋಡಲು ಮಾತ್ರ ಅವರಿಗೆ ಪುರುಸೊತ್ತಿಲ್ಲ. ರಾಜಾಜಿನಗರದಲ್ಲಿ ಇನ್ನೊಂದು ದೀಪ ಕಾಯುತ್ತಿದೆ.

ಭರತಮುನಿ ಇದನ್ನೆಲ್ಲ ಯೋಚಿಸದೆ ಇರಲಿಲ್ಲ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಪ್ರಯೋಗಕ್ಕೆ ವಿಘ್ನ ಮಾಡಲು ಬಂದವರನ್ನು ಇಂದ್ರ ತನ್ನ ಧ್ವಜದ ಕೋಲಿನಿಂದ ಬಡಿದು ಜರ್ಜರ ಮಾಡುತ್ತಾನೆ. ಮುಂದೆ ಸಿದ್ಧಿಯ ಅಧ್ಯಾಯದಲ್ಲಿ ಪ್ರದರ್ಶನ ಕೆಡಿಸುವ ಸಂಗತಿಗಳ ಪಟ್ಟಿಯೇ ಇದೆ. ಗಾಳಿ, ಮಳೆ, ಬೆಂಕಿ, ಆನೆ, ಹಾವು, ಹುಳು, ಸಾಲದ್ದಕ್ಕೆ ಹೊಟ್ಟೆಕಿಚ್ಚಿನ ವೈರಿಗಳು ಕೂಗು ಹಾಕುವುದು, ಸಗಣಿ ಎಸೆಯುವುದು. ಸನ್ಮಾನ ಸಮಾರಂಭ ಆ ಪಟ್ಟಿಯಲ್ಲಿಲ್ಲ. ಸಗಣಿಯ ತನಕ ಊಹಿಸಿದ ಮುನಿಗೂ ಹಣ್ಣಿನ ಬುಟ್ಟಿ ಹೊಳೆಯಲಿಲ್ಲ. ಅದೇ ಅಧ್ಯಾಯದಲ್ಲಿ ಆತ ಒಳ್ಳೆಯ ಪ್ರೇಕ್ಷಕನ ಲಕ್ಷಣವನ್ನೂ ಹೇಳುತ್ತಾನೆ. ಪಾತ್ರಕ್ಕೆ ಸಂತೋಷವಾದಾಗ ತಾನೂ ಸಂತೋಷಪಡುವವನು, ಪಾತ್ರ ದುಃಖಿಸಿದಾಗ ತಾನೂ ದುಃಖಿಸುವವನು. ನಮ್ಮಲ್ಲೂ ಅಂಥವರಿದ್ದಾರೆ, ಆದರೆ ತಮ್ಮ ಮಗುವಿನ ಪಾತ್ರಕ್ಕೆ ಮಾತ್ರ. ಅದರ ಏಳು ನಿಮಿಷ ಮುಗಿದ ಕೂಡಲೇ ಎರಡು ಸಾಲು ಕುರ್ಚಿ ಪಟಪಟನೆ ಮಡಚಿಕೊಳ್ಳುತ್ತದೆ. ಇನ್ನೊಬ್ಬರ ಮಗು ಆಗಷ್ಟೇ ಕೃಷ್ಣನಾಗಿ ಗಡಿಗೆಗೆ ಕೈ ಹಾಕಿರುತ್ತದೆ. ಹೊರಡುವವರು ಬೆಳಕಿಗೆ ಅಡ್ಡವಾಗಿ ನಡೆದು, “ಪಾರ್ಕಿಂಗ್ ಚೀಟಿ ಯಾರ ಹತ್ರ ಇದೆ?” ಎಂದು ಜೋರಾಗಿ ಕೇಳಿ ಹೋಗುತ್ತಾರೆ. ಕೊನೆಯ ತಂಡ ಕುಣಿಯುವಾಗ ಕೆಳಗೆ ಉಳಿಯುವುದು, ಮೇಲೆ ಹೇಳಿದ ಆ ಇಬ್ಬರು.

ಇನ್ನು ರಂಗಪ್ರವೇಶ, ಅಂದರೆ ಕಲಿತವಳ ಮೊದಲ ಪೂರ್ಣ ಕಾರ್ಯಕ್ರಮ. ಇದಕ್ಕೆ ವಯಸ್ಸಿನ ಗಡಿಯಿದೆ. ದಡಾರದ ಲಸಿಕೆ ಹಾಕಿಸಿದ ಹಾಗೆ ಹತ್ತನೇ ಕ್ಲಾಸಿನ ಒಳಗೆ ಮುಗಿಸಿಬಿಡಬೇಕು, ಆಮೇಲೆ ಪಿಯುಸಿ, ಸಿಇಟಿ, ನೀಟ್. ಒಮ್ಮೆ ಹಾಕಿಸಿದರೆ ಜೀವಮಾನದಲ್ಲಿ ಮತ್ತೆ ಭರತನಾಟ್ಯ ಬರುವುದಿಲ್ಲ. ಮದುವೆ ಕಾರ್ಡಿಗಿಂತ ದಪ್ಪದ ಆಹ್ವಾನ ಪತ್ರಿಕೆ, ಅದರೊಳಗೆ ಹುಡುಗಿಯ ಹತ್ತು ಭಂಗಿಯ ಫೋಟೊ, ತಂದೆತಾಯಿಯ ಮಾತು, ಅಜ್ಜಿಯ ಆಶೀರ್ವಾದ, ಗಲ್ಲಕ್ಕೆ ಕೈಯಿಟ್ಟ ಗುರುಗಳ ಚಿತ್ರ. ಐದಾರು ಜನರ ಮೇಳ, ಅವರೊಂದಿಗೆ ನಾಲ್ಕಾರು ರಿಹರ್ಸಲ್, ಬದಲಿಸಲು ಮೂರು ಡ್ರೆಸ್ಸು, ಗುರುಗಳಿಗೆ ರೇಷ್ಮೆ ಸೀರೆ, ಬೆಳ್ಳಿ ತಟ್ಟೆ, ಕಾಣಿಕೆ. ಖರ್ಚು ಲಕ್ಷಗಳಲ್ಲಿ. ಜುಲೈ ಆಗಸ್ಟ್ ಬಂತೆಂದರೆ ಅಮೆರಿಕದ ಶಾಲೆಗಳಿಗೆ ರಜೆ. ವರ್ಷವಿಡೀ ಜೂಮಿನಲ್ಲಿ ಜತಿ ಕಲಿತ ನ್ಯೂಜೆರ್ಸಿಯ ಮಗಳು ಬೆಂಗಳೂರಿಗೆ ಬಂದು ರಂಗಪ್ರವೇಶ ಮಾಡಿ, ಮೊಗ್ಗಿನ ಜಡೆ ಬಾಡುವ ಮೊದಲೇ ವಿಮಾನ ಹತ್ತುತ್ತಾಳೆ. ಅಲ್ಲಿ ಅದು ಕಾಲೇಜಿನ ಅರ್ಜಿಯಲ್ಲಿ ಒಂದು ಸಾಲಾಗುತ್ತದೆ. ಮೃದಂಗ, ಕೊಳಲಿನವರ ಡೈರಿ ಆ ಎರಡು ತಿಂಗಳು ತುಂಬಿ ತುಳುಕುತ್ತದೆ. ಅವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಈ ವ್ಯವಹಾರದಲ್ಲಿ ಕಲೆಯಿಂದ ಬದುಕು ಕಟ್ಟಿಕೊಂಡವರು ಯಾರಾದರೂ ಇದ್ದಾರೆ ಎನ್ನುವುದೇ ಸಮಾಧಾನ.

ಹಿಂದೆ ಹೀಗಿರಲಿಲ್ಲ ಎಂದು ಹೇಳಿದರೆ ಸಂಸ್ಕೃತಿಯ ವಕ್ತಾರರು ಕೂಡಲೇ ತಲೆಯಾಡಿಸುತ್ತಾರೆ. ಸ್ವಲ್ಪ ತಡೆಯಿರಿ. ನೃತ್ಯಗುರುಗಳಾದ ತಂಜಾವೂರಿನ ನಾಲ್ವರು ಸಹೋದರರಲ್ಲಿ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಅದೇ ಮೈಸೂರಿನಲ್ಲಿ ಜಟ್ಟಿ ತಾಯಮ್ಮ (1857–1947) ಅಭಿನಯವೆಂದರೆ ಏನು ಎಂದು ತೋರಿಸಿದರು. ಅವರ ಶಿಷ್ಯೆ ವೆಂಕಟಲಕ್ಷಮ್ಮ, 1906ರಲ್ಲಿ ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದವರು, ಆಸ್ಥಾನ ವಿದುಷಿಯಾದರು. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿದರು, 1992ರಲ್ಲಿ ಪದ್ಮಭೂಷಣ ಬಂತು. ಆಸ್ಥಾನದಲ್ಲಿ ಕುಣಿದವರಿಗೆ ಸಂಬಳವಿತ್ತು. ಆದರೆ ಅರಮನೆಯ ಬಾಗಿಲು ದಾಟಿದರೆ, ಕುಣಿಯುವ ಹೆಣ್ಣೆಂದರೆ ಊರಿಗೆ ಸಸಾರ. ಅವರ ಕಲೆ ಬೇಕಿತ್ತು, ಅವರು ಬೇಡವಾಗಿದ್ದರು. 1935ರ ಕೊನೆಯಲ್ಲಿ ರುಕ್ಮಿಣಿ ದೇವಿ ಮದ್ರಾಸಿನ ಅಡ್ಯಾರಿನಲ್ಲಿ ವೇದಿಕೆಗೆ ಬಂದದ್ದು, ಮರುವರ್ಷ ಅವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿದ್ದು, ಆಮೇಲೆ ಮೇಲ್ಜಾತಿಯ ಮಧ್ಯಮ ವರ್ಗದ ಮನೆಗಳಿಗೆ ಗೆಜ್ಜೆ ಬಂದದ್ದು, ಇದೆಲ್ಲ ಈಗ ಶಾಲೆಯ ಮಕ್ಕಳೂ ಭಾಷಣ ಸ್ಪರ್ಧೆಯಲ್ಲಿ ಹೇಳುತ್ತಾರೆ. ಬಂದ ಗೆಜ್ಜೆಗೆ ಮರ್ಯಾದೆ ಸಿಕ್ಕಿತು, ಸಂಬಳ ಹಿಂದೆ ಉಳಿಯಿತು. ಆಗ ಕುಣಿದವಳಿಗೆ ಕಾಸಿತ್ತು, ಮಾನವಿರಲಿಲ್ಲ. ಈಗ ಮಾನ ಕೈತುಂಬ ಇದೆ, ಅದನ್ನು ಇಡಲು ಶೋಕೇಸು ಸಾಲುತ್ತಿಲ್ಲ.

ಬೆಂಗಳೂರಿನಲ್ಲಿ ಭರತನಾಟ್ಯಕ್ಕೆ ಗೌರವದ ಮಣೆ ಹಾಕಿಕೊಟ್ಟವರಲ್ಲಿ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾ ದೇವಿ ದಂಪತಿ ಮೊದಲಿಗರು. ಕೃಷ್ಣರಾವ್ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತವರು, ಹೊಟ್ಟೆಪಾಡಿಗೆ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಅಂದಿನಿಂದ ಇಂದಿನವರೆಗೆ ಈ ಊರಿನ ಭರತನಾಟ್ಯ ಬೇರೆ ಯಾವುದೋ ಸಂಬಳದ ಮೇಲೆಯೇ ನಿಂತಿದೆ. ಕೆಮಿಸ್ಟ್ರಿ ಹೋಗಿ ಸಾಫ್ಟ್‌ವೇರ್ ಬಂದಿದೆ. ಹೆಚ್ಚಿನವರಿಗೆ ಅದು ಗಂಡನ ಸಂಬಳ.

ಕುಣಿದರೆ ದುಡ್ಡಿಲ್ಲವೆಂದ ಮೇಲೆ ಕಲಿಸಬೇಕು. ಕಲಿತವಳಿಗೂ ಕುಣಿದರೆ ದುಡ್ಡಿಲ್ಲ, ಅವಳೂ ಕಲಿಸಬೇಕು. ಹೀಗೆ ಒಂದು ಬಡಾವಣೆಯ ಒಂದು ಅಡ್ಡರಸ್ತೆಗೆ ಮೂರು ನೃತ್ಯಶಾಲೆಗಳಾದವು. ಎಲ್ಲರೂ ಕಲಿಸುವವರೇ ಆದಮೇಲೆ ಕಲಿಸುವವರಿಗೆ ಕಲಿಸುವ ಹೊಸ ಮಾರುಕಟ್ಟೆ ಬೇಕಾಯಿತು. ಅದಕ್ಕೆ ಕಾರ್ಯಾಗಾರ ಎಂದು ಹೆಸರು.

ಮೊದಲು ಅದನ್ನು ವರ್ಕ್‌ಶಾಪ್ ಎನ್ನುತ್ತಿದ್ದರು. ಗ್ಯಾರೇಜಿನ ನೆನಪಾಗುತ್ತದೆಂದೋ ಏನೋ, ಈಗ ಮಾಸ್ಟರ್ ಕ್ಲಾಸ್, ಇಂಟೆನ್ಸಿವ್, ಇಮ್ಮರ್ಶನ್, ರೆಸಿಡೆನ್ಸಿ. ಎರಡು ದಿನ, ಬೆಳಗ್ಗೆ ಹತ್ತರಿಂದ ಐದು. ಚೆನ್ನೈನಿಂದ ಹೆಸರಾಂತ ಕಲಾವಿದರು. ಮೊದಲು ಸೇರಿದವರಿಗೆ ರಿಯಾಯಿತಿ. ಪೋಸ್ಟರಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲು: “ಅಬ್ಸರ್ವರ್‌ಗಳಿಗೆ ಅರ್ಧ ಶುಲ್ಕ.” ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಕೊನೆಗೂ ಈ ಊರಿನಲ್ಲಿ ನೃತ್ಯ ನೋಡಲು ದುಡ್ಡು ಕೊಡುವ ಜನ ಸಿಕ್ಕಿದರು! ಅದೇ ಕಲಾವಿದರು ಶನಿವಾರ ಸಂಜೆ ಪೂರ್ಣ ಮೇಳದೊಂದಿಗೆ ಕುಣಿದರೆ ಪ್ರವೇಶ ಉಚಿತ, ಮುಂದಿನ ಮೂರು ಸಾಲು ಖಾಲಿ. ಭಾನುವಾರ ಬೆಳಗ್ಗೆ ಅರವತ್ತು ಜನರಿಗೆ ಹೇಳಿಕೊಡುವುದನ್ನು ಮೂಲೆಯಲ್ಲಿ ಕೂತು ನೋಡಬೇಕಾದರೆ ಗೂಗಲ್ ಪೇ, ಅದಕ್ಕೆ ವೇಟಿಂಗ್ ಲಿಸ್ಟು ಬೇರೆ.

ಕಲಿಯುವುದು ಏನು? ಒಂದು ಜಾವಳಿ. ಖಂಡಿತಾ ನಾಯಿಕೆ. ರಾತ್ರಿಯೆಲ್ಲ ಕಾದು, ಬೆಳಗ್ಗೆ ಇನ್ನೊಬ್ಬಳ ಮನೆಯಿಂದ ಬಂದ ನಾಯಕನ ಮೈಮೇಲಿನ ಗುರುತು ಕಂಡು ಸಿಡಿಯುವವಳು. ಒಂಬತ್ತನೇ ಕ್ಲಾಸಿನ ಹುಡುಗಿಯಿಂದ ಹಿಡಿದು ನಿವೃತ್ತಿಗೆ ಹತ್ತಿರವಾದ ಬ್ಯಾಂಕ್ ಮ್ಯಾನೇಜರಮ್ಮನವರೆಗೆ ಅರವತ್ತು ನಾಯಿಕೆಯರು ಸಾಲಾಗಿ ನಿಂತು ಒಬ್ಬನೇ ಕಾಣದ ನಾಯಕನಿಗೆ ಬಾಗಿಲು ತೋರಿಸುತ್ತಾರೆ. “ಲೆಕ್ಕ ಹಾಕಬೇಡಿ, ಅನುಭವಿಸಿ” ಎನ್ನುತ್ತಾರೆ ಗುರುಗಳು. ಒಂಬತ್ತನೇ ಕ್ಲಾಸಿನವಳು ಪಕ್ಕದವಳನ್ನು ನೋಡಿ ಅನುಭವಿಸುತ್ತಾಳೆ. ಮ್ಯಾನೇಜರಮ್ಮ ಯಾರನ್ನೂ ನೋಡದೆ ಅನುಭವಿಸುತ್ತಾರೆ. ಇಡೀ ಸಭಾಂಗಣದಲ್ಲಿ ಆ ಎರಡು ದಿನ ನಡೆದ ನಿಜವಾದ ಅಭಿನಯ ಅದೊಂದೇ. ಗುರುಗಳು ಅದನ್ನು ಗಮನಿಸಲಿಲ್ಲ, ಅವರು ಮೊದಲ ಸಾಲಿನಲ್ಲಿದ್ದ ಸಂಘಟಕಿಯ ಮಗಳನ್ನು ತಿದ್ದುತ್ತಿದ್ದರು.

ಮೊಬೈಲಿನಲ್ಲಿ ಚಿತ್ರೀಕರಣ ಕಟ್ಟುನಿಟ್ಟಾಗಿ ನಿಷಿದ್ಧ. ಹಾಗಾಗಿ ಎಲ್ಲರೂ ನೀರಿನ ಬಾಟಲಿಗೆ ಒರಗಿಸಿಟ್ಟು ಚಿತ್ರೀಕರಿಸುತ್ತಾರೆ. ಮುಂದಿನ ವಾರ ಆ ಜಾವಳಿ ತುಮಕೂರಿನಲ್ಲಿ, ಅದರ ಮುಂದಿನ ತಿಂಗಳು ಹಾಸನದಲ್ಲಿ ಕಾಣಿಸಿಕೊಳ್ಳುತ್ತದೆ. ನಿರೂಪಕಿ ಮೈಕಿನಲ್ಲಿ, “ಇದೀಗ ನಮ್ಮ ಗುರುಪರಂಪರೆಯ ಅಪರೂಪದ ಜಾವಳಿ” ಎನ್ನುತ್ತಾಳೆ. ಪರಂಪರೆಯ ವಯಸ್ಸು ನಲವತ್ತು ದಿನ. ಇನ್ನು ಪ್ರಮಾಣಪತ್ರ. ಅದು ಬಂದ ರಾತ್ರಿಯೇ ಬಯೋಡೇಟಾದಲ್ಲಿ ಸಾಲು ಬದಲಾಗುತ್ತದೆ. “ಕಾರ್ಯಾಗಾರದಲ್ಲಿ ಭಾಗವಹಿಸಿದ್ದಾರೆ” ಎಂಬುದು ವರ್ಷದೊಳಗೆ “ಮಾರ್ಗದರ್ಶನ ಪಡೆದಿದ್ದಾರೆ” ಆಗಿ, ಎರಡನೇ ವರ್ಷಕ್ಕೆ “ಹಿರಿಯ ಶಿಷ್ಯೆ” ಆಗುತ್ತದೆ. ದುಬೈ ಕನ್ನಡಿಗರ ರಾಜ್ಯೋತ್ಸವದಲ್ಲಿ ಒಂದು ಐಟಂ ಮಾಡಿ ಬಂದರೆ ಅಂತಾರಾಷ್ಟ್ರೀಯ ಖ್ಯಾತಿ. ಆಮೇಲೆ ಎಲ್ಲೂ ಕಟ್ಟಡ ಕಾಣದ ಒಂದು ವಿಶ್ವವಿದ್ಯಾಲಯದಿಂದ ಡಾಕ್ಟರೇಟು. ಮೈಸೂರಿನ ತಾಯಮ್ಮನವರು ಒಂದೇ ಸಾಲಿಗೆ ಮತ್ತೆ ಮತ್ತೆ ಹೊಸ ಅಭಿನಯ ಹುಡುಕುತ್ತ ಜೀವಮಾನ ಕಳೆದರು. ಒಂದೂ ಪ್ರಮಾಣಪತ್ರ ತೆಗೆದುಕೊಳ್ಳಲಿಲ್ಲ, ಪಾಪ.

ವೃತ್ತಿಪರ ಕಾರ್ಯಾಗಾರಗಳ ಮಾತು ಬೇರೆ. ಅಲ್ಲಿ ಕುಣಿಯುವಂತಿಲ್ಲ. ರೀಲ್ಸ್ ಮಾಡುವುದು ಹೇಗೆ, ತನ್ನನ್ನು ತಾನು ಬ್ರ್ಯಾಂಡ್ ಮಾಡಿಕೊಳ್ಳುವುದು ಹೇಗೆ, ಸಂಸ್ಕೃತಿ ಇಲಾಖೆಗೆ ಧನಸಹಾಯದ ಅರ್ಜಿ ಬರೆಯುವುದು ಹೇಗೆ. ‘ನೃತ್ಯವೇ ವೃತ್ತಿ’ ಎಂಬ ಅಂಥದ್ದೊಂದು ಕಾರ್ಯಾಗಾರಕ್ಕೆ ನಾನೂ ಹೋಗಿದ್ದೆ, ಬರೆಯಲು ಏನಾದರೂ ಸಿಕ್ಕೀತೆಂಬ ದುರಾಸೆಯಿಂದ. ಸಂಪನ್ಮೂಲ ವ್ಯಕ್ತಿ ಪರದೆಯ ಮೇಲೆ ಬಾಣ, ವೃತ್ತ, ಮೆಟ್ಟಿಲು ತೋರಿಸಿದರು. ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಸೋಲೋ ಪ್ರೋಗ್ರಾಂ ಮಾಡಿದ್ರೆ ಪೇಮೆಂಟ್ ಎಷ್ಟು ಅಂತ ಕೇಳಬೇಕು?” ಸಭೆ ಗಪ್‌ಚಿಪ್. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಮೊದಲಿಗೆ ಎಕ್ಸ್‌ಪೋಷರ್ ಮುಖ್ಯಮ್ಮಾ” ಎಂದರು. “ನಿಮಗೆ ಎಷ್ಟು ಕೊಡ್ತಾರೆ ಸಾರ್?” ಎಂದಳು ಅವಳು, ಮುಗ್ಧವಾಗಿ. ಅವರು ಕುಣಿಯುವುದನ್ನು ಬಿಟ್ಟು ಬಹಳ ದಿನಗಳಾಗಿತ್ತು. ನೃತ್ಯದಿಂದ ಬದುಕುವುದು ಹೇಗೆ ಎಂದು ಹೇಳಿಕೊಟ್ಟೇ ಅವರು ಬದುಕುತ್ತಿದ್ದರು. ಚಹಾ ವಿರಾಮ ಹತ್ತು ನಿಮಿಷ ಮುಂಚೆಯೇ ಬಂತು.

ಒಂದು ಕಾರ್ಯಾಗಾರ ಮಾತ್ರ ನಿಜಕ್ಕೂ ಉಪಯೋಗದ್ದು. ಅದಕ್ಕೆ ಜನವೇ ಬಂದಿರಲಿಲ್ಲ. ಫಿಸಿಯೋಥೆರಪಿಸ್ಟ್ ಒಬ್ಬರು ಅರಮಂಡಿಯ ಬಗ್ಗೆ ಹೇಳಿದರು. ಪಾದ ಹೊರಕ್ಕೆ ತಿರುಗುವುದು ಸೊಂಟದ ಕೀಲಿನಿಂದ ಆಗಬೇಕು, ಮೊಣಕಾಲಿನಿಂದ ತಿರುಚಿದರೆ ಮಂಡಿ ಹಾಳು. ಗ್ರಾನೈಟ್, ಟೈಲ್ಸ್, ಸಿಮೆಂಟು ನೆಲದ ಮೇಲೆ ದಿನವೂ ತಟ್ಟಡವು ತಟ್ಟಿದರೆ ಆ ಏಟನ್ನು ನೆಲ ಹೀರಿಕೊಳ್ಳುವುದಿಲ್ಲ. ಹಿಮ್ಮಡಿ, ಕಣಕಾಲು, ಮಂಡಿ, ಬೆನ್ನು ಹಂಚಿಕೊಳ್ಳುತ್ತವೆ. ಕೆಳಗೆ ಟೊಳ್ಳು ಬಿಟ್ಟು ಹಾಕಿದ ಮರದ ನೆಲ ಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ಗಾದೆ ಮಾಡಿದವರಿಗೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್ ಗೊತ್ತಿರಲಿಲ್ಲ. ಇಲ್ಲಿ ಕುಣಿಯಬಲ್ಲವಳಿಗೂ ನೆಲವೇ ಶತ್ರು. ಇಷ್ಟು ಹೇಳಿದ ಆಕೆಯೊಂದಿಗೆ ಸೆಲ್ಫಿ ತೆಗೆಸಿಕೊಳ್ಳಲು ಯಾರೂ ಇರಲಿಲ್ಲ. ಇನ್ಸ್ಟಾಗ್ರಾಮಿನಲ್ಲಿ ಮಂಡಿಚಿಪ್ಪಿಗೆ ಲೈಕು ಬೀಳುವುದಿಲ್ಲ.

ಮಂಡಿಯ ಮಾತು ಬಂತು, ಮಂಡಿ ಸವೆಸುವ ದಾಖಲೆಗಳ ವಿಚಾರ ಹೇಳದೆ ಮುಂದೆ ಹೋಗುವುದು ಸರಿಯಲ್ಲ. 2024ರ ಡಿಸೆಂಬರ್ 29ರಂದು ಕೊಚ್ಚಿಯ ಕಲೂರು ಕ್ರೀಡಾಂಗಣದಲ್ಲಿ ಗಿನ್ನೆಸ್ ದಾಖಲೆಗೆಂದು 11,600ರಷ್ಟು ಜನ ಒಟ್ಟಿಗೆ ಭರತನಾಟ್ಯ ಮಾಡಿದರು. ಅವರಿಂದ ಶುಲ್ಕ ವಸೂಲಾಗಿತ್ತು. ತಾವು 390 ರೂಪಾಯಿಗೆ ಒದಗಿಸಿದ ಸೀರೆಗೆ ಸಂಘಟಕರು ಮಕ್ಕಳಿಂದ 1,600 ತೆಗೆದುಕೊಂಡರೆಂದು ಸೀರೆ ಅಂಗಡಿಯವರೇ ಹೇಳಿಕೆ ಕೊಟ್ಟರು. ಗಣ್ಯರಿಗಾಗಿ ಹಾಕಿದ್ದ ವೇದಿಕೆಯಿಂದ ಶಾಸಕಿ ಉಮಾ ಥಾಮಸ್ ಕೆಳಗೆ ಬಿದ್ದು ತೀವ್ರ ಗಾಯಗೊಂಡರು. ದಾಖಲೆ ಮಾತ್ರ ಆಯಿತು. ನಮ್ಮ ಕರಾವಳಿ ಹಿಂದೆ ಬೀಳಲಿಲ್ಲ. 2025ರ ಜುಲೈನಲ್ಲಿ ಮಂಗಳೂರಿನ ವಿದ್ಯಾರ್ಥಿನಿಯೊಬ್ಬಳು ದಾಖಲೆಗೆಂದು ಸತತ 170 ಗಂಟೆ ಭರತನಾಟ್ಯ ಕುಣಿದಳು, ಆಗಸ್ಟ್ ಮುಗಿಯುವಷ್ಟರಲ್ಲಿ ಉಡುಪಿಯ ಇನ್ನೊಬ್ಬ ಯುವತಿ 216 ಗಂಟೆ. ಆ ಇಬ್ಬರು ಹೆಣ್ಣುಮಕ್ಕಳ ಕಸುವಿಗೆ ನಾನು ಕೈಮುಗಿಯುತ್ತೇನೆ, ನನಗೆ ಒಂಬತ್ತು ದಿನ ಕೂತಿರಲೂ ಆಗದು. ಆದರೆ 170ನೇ ಗಂಟೆಯ ಅಭಿನಯ ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ಗಡಿಯಾರವೇ ರಸಿಕನಾದ ಮೇಲೆ ಕೇಳುವವರು ಯಾರು?

ಅದೇ ಕರಾವಳಿಯಲ್ಲಿ ಯಕ್ಷಗಾನವೂ ಇದೆ. ಅಲ್ಲಿಯೂ ಆಟ ಆಡಿಸುವವರೇ ದುಡ್ಡು ಕೊಡುವುದು, ನೋಡುವವರಿಗೆ ಬಯಲಲ್ಲಿ ಪುಕ್ಕಟೆ ಕುರ್ಚಿ. ಕಟೀಲು ಮೇಳದ ಹರಕೆಯಾಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಬೇಕು. ಆದರೆ ವೇಷ ಕಟ್ಟಿದವನು ತನ್ನ ಕಿರೀಟಕ್ಕೆ ತಾನೇ ಬಾಡಿಗೆ ಕೊಡುವುದಿಲ್ಲ. ದೀಪಾವಳಿಯ ನಂತರ ಹೊರಟ ಮೇಳ ಬೇಸಗೆಯ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಅವನಿಗೆ ಸಂಬಳ. ಚೌಕಿಯ ಪಕ್ಕ ಚರುಮುರಿ ತಿನ್ನುವ ಅಜ್ಜನೂ, “ಇವತ್ತಿನ ಕರ್ಣನಿಗೆ ಮಾತು ಸಾಲದು ಮಾರಾಯ್ರೆ, ಹಿಂದಿನವರದ್ದು ನೋಡ್ಬೇಕಿತ್ತು” ಎನ್ನುತ್ತಾನೆ. ಆ ಅಜ್ಜನಿಗೆ ಹೆದರಿ ಕರ್ಣ ಮರುದಿನ ಎರಡು ಮಾತು ಹೆಚ್ಚು ಕಲಿತು ಬರುತ್ತಾನೆ. ನಮ್ಮ ಭರತನಾಟ್ಯಕ್ಕೆ ಅಂಥ ಅಜ್ಜನಿಲ್ಲ. ಎಲ್ಲರೂ “ಬ್ಯೂಟಿಫುಲ್, ಗಾಡ್ ಬ್ಲೆಸ್” ಎಂದು ಹೊಗಳಿ ಹೋಗುವ ಸಂಬಂಧಿಕರೇ.

ಜನ ದುಡ್ಡು ಕೊಟ್ಟು ನೋಡುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಟಿಕೆಟ್ ಇದೆ. ಹೊತ್ತಿಗೆ ಸರಿಯಾಗಿ ನಾಟಕ ಶುರು, ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಬೆಂಗಳೂರಿನ ಟ್ರಾಫಿಕ್ಕನ್ನು ಬೈಯುತ್ತಲೇ ಜನ ಅಲ್ಲಿಗೆ ಮುಂಚೆ ಹೋಗಿ ಅಕ್ಕಿರೊಟ್ಟಿ ತಿಂದು ಕಾಯುತ್ತಾರೆ. ದುಡ್ಡಿನ ಮಾತು ಬಿಟ್ಟರೂ, ಹೆಸರಘಟ್ಟದ ನೃತ್ಯಗ್ರಾಮದಲ್ಲಿ ಪ್ರತಿಮಾ ಬೇಡಿ ವಸಂತಹಬ್ಬ ಮಾಡುತ್ತಿದ್ದ ಕಾಲದಲ್ಲಿ ಇದೇ ಊರಿನ ಸಾವಿರಾರು ಜನ ಬಯಲಲ್ಲಿ ರಾತ್ರಿಯಿಡೀ ಕೂತು ನೋಡಿದ್ದಾರೆ. ನೋಡುವವರು ಸತ್ತಿಲ್ಲ. ಮೂರು ಸನ್ಮಾನ, ನಲವತ್ತು ಐಟಂ ಮತ್ತು ಒಂದೂವರೆ ಗಂಟೆ ತಡ ಎಂದು ಗೊತ್ತಿದ್ದೂ ಬರುವಷ್ಟು ಹುಚ್ಚರಲ್ಲ, ಅಷ್ಟೇ.

ಸಭೆಗಳ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಉತ್ಸವಗಳ ಸಂಚಾಲಕರೇ, ನಿಮ್ಮಲ್ಲಿ ಒಂದು ಮಾತು. ನೂರು ರೂಪಾಯಿಯಾದರೂ ಸರಿ, ಟಿಕೆಟ್ ಇಡಿ. ನಲವತ್ತು ತಂಡದ ಬದಲು ಇಬ್ಬರನ್ನು ಕರೆಯಿರಿ, ಅವರಿಗೆ ಪೂರ್ತಿ ಒಂದು ಸಂಜೆ ಕೊಡಿ. ಭಾಷಣವನ್ನು ಮಂಗಳದ ನಂತರ ಇಟ್ಟುಕೊಳ್ಳಿ, ಇಷ್ಟವಿದ್ದವರು ಕೂತು ಕೇಳಲಿ. ರಾತ್ರಿ ಹತ್ತು ಗಂಟೆಗೆ, ಅರ್ಧ ಅಳಿಸಿದ ಮೇಕಪ್ಪಿನಲ್ಲಿ, ಒಂದು ಹೆಗಲಿಗೆ ಡ್ರೆಸ್ಸಿನ ಚೀಲ, ಇನ್ನೊಂದಕ್ಕೆ ನಿಮ್ಮ ಹಣ್ಣಿನ ಬುಟ್ಟಿ ಹೊತ್ತು ಜೆ.ಸಿ. ರಸ್ತೆಯ ಬದಿಯಲ್ಲಿ ಆಟೋದವನೊಂದಿಗೆ ಚೌಕಾಸಿ ಮಾಡುತ್ತಿರುವ ಹುಡುಗಿಯನ್ನು ನೀವೂ ಕಾರಿನಿಂದ ನೋಡಿರುತ್ತೀರಿ. ನಿಮ್ಮ ವೇದಿಕೆಯಲ್ಲಿ ಈಗಷ್ಟೇ ವರ್ಣ ಮಾಡಿ ಬಂದವಳು ಅವಳು. ಅವಳ ಮನೆಯಲ್ಲಿ ಶಾಲು ಇಡಲು ಬೀರುವಿನಲ್ಲಿ ಜಾಗವಿಲ್ಲ. ಮುಂದಿನ ಸಲ ಶಾಲು ಹೊದಿಸಬೇಡಿ, ಸಂಭಾವನೆ ಕೊಡಿ. ಅದು ಆಗುವುದಿಲ್ಲವಾದರೆ ಕನಿಷ್ಠ ಆಟೋ ಬಾಡಿಗೆ ಕೊಡಿ.